ಪಾಡ್‌ಕಾಸ್ಟ್ | ಮನೆಮಾತಿನ ತಾಳ, ಶಾಲೆಮಾತಿನ ಹಾಡು: ಪನಾಮಾದ ‘ಎಲ್ ಹೆನೆರಾಲ್’ ಕಥೆ

(ಈ ವಾರದ ಸಂಚಿಕೆಯ ಪಠ್ಯರೂಪ)

 

ಇವತ್ತು ಒಂದು ಹಸಿರು ಗೊಂಬೆಯಿಂದ ಮಾತು ಶುರು ಮಾಡ್ತೀನಿ. 2018ರಲ್ಲಿ ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಿದ್ದರೆ ನಿಮಗೆ ಖಂಡಿತ ನೆನಪಿರುತ್ತೆ. ಹಸಿರು ಬಣ್ಣದ ಒಂದು ಅನ್ಯಗ್ರಹದ ಜೀವಿ, ಬಳುಕಿ ಬಳುಕಿ ಸೊಂಟ ಕುಣಿಸುವ ವಿಡಿಯೊ. ಹಾಡಿನ ಹೆಸರು ‘ಡಾಮೆ ತು ಕೋಸಿತಾ’. ನಮ್ಮ ಅಕ್ಕನ ಮಗ ಆಗ ಎರಡನೇ ಕ್ಲಾಸು. ಊಟಕ್ಕೆ ಕೂರಿಸಬೇಕು ಅಂದ್ರೆ ಆ ಹಾಡು ಹಾಕಬೇಕು, ಊಟದಿಂದ ಎಬ್ಬಿಸಬೇಕು ಅಂದ್ರೂ ಅದೇ ಹಾಡು. ಮನೆಯಲ್ಲಿ ಯಾರಿಗೂ ಒಂದು ಪದ ಅರ್ಥವಾಗುತ್ತಿರಲಿಲ್ಲ. ಒಳ್ಳೆಯದೇ ಆಯ್ತು ಬಿಡಿ. ಅರ್ಥವಾಗಿದ್ದರೆ ಅಕ್ಕ ಫೋನ್ ಕಿತ್ತುಕೊಳ್ಳುತ್ತಿದ್ದಳು.

ಆ ಹಾಡು ಮಾಡಿದ್ದು ಪನಾಮಾ ದೇಶದ ರಾಡ್ನಿ ಕ್ಲಾರ್ಕ್. 2018ರಲ್ಲಿ ಮಕ್ಕಳು ಕುಣಿದ ಆ ಹಾಡು ಮೂಲತಃ 1990ರ ದಶಕದ್ದು. ಸಂಗೀತ ಲೋಕದಲ್ಲಿ ಆತನನ್ನು ಕರೆಯೋದು ‘ಎಲ್ ಚೊಂಬೊ’ ಅಂತ. ನಾನು ಕುತೂಹಲಕ್ಕೆ ಆ ಹೆಸರಿನ ಅರ್ಥ ಹುಡುಕಿದೆ. ಅದು ಬೈಗುಳ. ಕೆರಿಬಿಯನ್ ದ್ವೀಪಗಳಿಂದ ಪನಾಮಾಕ್ಕೆ ಬಂದ ಕಪ್ಪು ಜನರನ್ನು, ಅವರ ಮಕ್ಕಳು ಮೊಮ್ಮಕ್ಕಳನ್ನು ಹೀಯಾಳಿಸಿ ಕರೆಯುವ ಪದ. ಒಬ್ಬ ಮನುಷ್ಯ ಬೈಗುಳವನ್ನೇ ತನ್ನ ಹೆಸರು ಮಾಡಿಕೊಂಡಿದ್ದಾನೆ ಅಂದ್ರೆ ಅದರ ಹಿಂದೆ ಏನೋ ಇರಬೇಕು, ಅಲ್ವಾ? ಆ ‘ಏನೋ’ವನ್ನು ಹುಡುಕುತ್ತಾ ಹೋದಾಗ ನನಗೆ ಸಿಕ್ಕವನು ಇನ್ನೊಬ್ಬ. ಎಡ್ಗಾರ್ಡೊ ಫ್ರಾಂಕೊ. ಜಗತ್ತಿಗೆ ಗೊತ್ತಿರುವ ಹೆಸರು ‘ಎಲ್ ಹೆನೆರಾಲ್’. ಅಂದ್ರೆ ಜನರಲ್, ಸೇನಾಧಿಪತಿ. ಸ್ಪ್ಯಾನಿಷ್ ಭಾಷೆಯಲ್ಲಿ ರೆಗೇ ಹಾಡಿ, ಅದನ್ನು ಪನಾಮಾದ ಗಡಿ ದಾಟಿಸಿ, ಇಡೀ ಲ್ಯಾಟಿನ್ ಅಮೆರಿಕಕ್ಕೆ ತಲುಪಿಸಿದ ಮೊದಲ ದೊಡ್ಡ ತಾರೆ.

ಇವತ್ತಿನ ಮಾತು ಅವನ ಬಗ್ಗೆ. ಜೊತೆಗೆ ಒಂದು ಭಾಷೆ ಯಾರದ್ದು ಅನ್ನುವ ಪ್ರಶ್ನೆಯ ಬಗ್ಗೆ.

ಮೊದಲು ಪನಾಮಾ ಕಾಲುವೆಗೆ ಹೋಗೋಣ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸುವ, ಸುಮಾರು 80 ಕಿಲೋಮೀಟರ್ ಉದ್ದದ ಕಾಲುವೆ. 1881ರಲ್ಲಿ ಫ್ರೆಂಚರು ತೋಡಲು ಶುರು ಮಾಡಿದರು. ಮಲೇರಿಯಾ, ಹಳದಿ ಜ್ವರ, ಭೂಕುಸಿತ, ಸಾಲ, ಎಲ್ಲ ಸೇರಿ ಅವರನ್ನು ಸೋಲಿಸಿದವು. 1904ರಲ್ಲಿ ಅಮೆರಿಕನ್ನರು ಕೈಗೆತ್ತಿಕೊಂಡು 1914ರ ಆಗಸ್ಟ್ 15ರಂದು ಕಾಲುವೆ ತೆರೆದರು. ನಾವು ಪಠ್ಯಪುಸ್ತಕದಲ್ಲಿ ಓದಿದ್ದು ಇಷ್ಟೇ. ಗುದ್ದಲಿ ಹಿಡಿದವರು ಯಾರು, ಡೈನಮೈಟ್ ಇಟ್ಟವರು ಯಾರು ಅಂತ ಓದಲಿಲ್ಲ. ಅವರಲ್ಲಿ ಬಹುಪಾಲು ಬಾರ್ಬಡೋಸ್, ಜಮೈಕಾ ಮತ್ತು ಸುತ್ತಲಿನ ದ್ವೀಪಗಳ ಕಪ್ಪು ಕೂಲಿಕಾರರು. ಅಮೆರಿಕನ್ನರ ಕಾಲದಲ್ಲಿ ದಾಖಲಾದ ಸಾವುಗಳೇ 5,609. ಅದರಲ್ಲಿ ಹೆಚ್ಚಿನವರು ಇದೇ ದ್ವೀಪಗಳವರು.

ಕೂಲಿ ಕೊಡುವ ರೀತಿಯಲ್ಲೇ ಎರಡು ಪಟ್ಟಿ ಇತ್ತು. ಒಂದು ‘ಗೋಲ್ಡ್ ರೋಲ್’, ಇನ್ನೊಂದು ‘ಸಿಲ್ವರ್ ರೋಲ್’. ಬಿಳಿಯ ಅಮೆರಿಕನ್ನರಿಗೆ ಚಿನ್ನದ ಲೆಕ್ಕದಲ್ಲಿ ಸಂಬಳ, ಕಪ್ಪು ಕೂಲಿಕಾರರಿಗೆ ಬೆಳ್ಳಿಯ ಲೆಕ್ಕದಲ್ಲಿ. ಸಂಬಳಕ್ಕೆ ಮಾತ್ರ ಈ ಭೇದ ಅಂದುಕೊಳ್ಳಬೇಡಿ. ವಸತಿ ಬೇರೆ, ಅಂಗಡಿ ಬೇರೆ, ಶಾಲೆ ಬೇರೆ, ಕುಡಿಯುವ ನೀರಿನ ನಲ್ಲಿ ಕೂಡ ಬೇರೆ.

ಇದನ್ನು ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಯಾಕೆ ಅಂತ ಹೇಳ್ತೀನಿ. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ನಮ್ಮ ತಾತ ಗಣಿ ಕೆಲಸಕ್ಕೆ ಅಂತ ಉತ್ತರ ಆರ್ಕಾಟು ಕಡೆಯಿಂದ ಬಂದವರು. ಮನೆಯಲ್ಲಿ ತಮಿಳು. ಶಾಲೆಯಲ್ಲಿ ಕನ್ನಡ. ಇವತ್ತು ನಿಮ್ಮ ಜೊತೆ ಕನ್ನಡದಲ್ಲಿ ಮಾತಾಡಿಯೇ ನಾನು ಅನ್ನ ತಿನ್ನುತ್ತಿದ್ದೇನೆ. ನನ್ನ ಕನ್ನಡದಲ್ಲಿ ಎಲ್ಲೋ ಒಂದು ಕಡೆ ಅಜ್ಜಿಯ ರಾಗ ಇಣುಕುತ್ತೆ ಅಂತ ಗೆಳೆಯರು ಈಗಲೂ ರೇಗಿಸ್ತಾರೆ. ನಮ್ಮ ಕಥೆಯೂ ಪನಾಮಾದ ಕಥೆಯೂ ಒಂದೇ ಅಂತ ನಾನು ಹೇಳ್ತಾ ಇಲ್ಲ. ಅವರು ಕಂಡದ್ದನ್ನು ನಾವು ಕಂಡಿಲ್ಲ. ಆದರೆ ಮನೆಯೊಳಗೆ ಒಂದು ಮಾತು, ಹೊಸಿಲು ದಾಟಿದರೆ ಇನ್ನೊಂದು ಮಾತು ಅನ್ನುವ ಬದುಕು ನನಗೆ ಗೊತ್ತು.

ಅವರು ಕಂಡದ್ದು ಏನು? ಕಾಲುವೆ ಮುಗಿದ ಮೇಲೆ ಸಾವಿರಾರು ಕುಟುಂಬಗಳು ಅಲ್ಲೇ ಉಳಿದವು. ಮನೆಯಲ್ಲಿ ಇಂಗ್ಲಿಷು, ಪಾಟ್ವಾ. ಪಾಟ್ವಾ ಅಂದ್ರೆ ಜಮೈಕಾದ ಆಡುಮಾತು, ಇಂಗ್ಲಿಷಿಗೆ ಆಫ್ರಿಕಾದ ನಾಲಿಗೆ ಸೇರಿ ಹುಟ್ಟಿದ್ದು. ಸುತ್ತಲಿನ ದೇಶದ ಭಾಷೆ ಸ್ಪ್ಯಾನಿಷ್. 1941ರಲ್ಲಿ ಅರ್ನುಲ್ಫೊ ಅರಿಯಾಸ್ ಅಧ್ಯಕ್ಷರಾಗಿದ್ದಾಗ ಪನಾಮಾ ಹೊಸ ಸಂವಿಧಾನ ತಂದಿತು. ಅದರಲ್ಲಿ ‘ನಿಷೇಧಿತ ವಲಸಿಗರು’ ಅಂತ ಒಂದು ಪಟ್ಟಿ. ಸ್ಪ್ಯಾನಿಷ್ ಮಾತೃಭಾಷೆಯಲ್ಲದ ಕಪ್ಪು ಜನ ಆ ಪಟ್ಟಿಯಲ್ಲಿದ್ದರು. ಭಾರತ ಮೂಲದವರೂ ಅದೇ ಪಟ್ಟಿಯಲ್ಲಿದ್ದರು ಅನ್ನೋದು ನಮಗೆ ಗೊತ್ತಿರಬೇಕಾದ ಸಂಗತಿ. ಪನಾಮಾದ ಮಣ್ಣಿನಲ್ಲೇ ಹುಟ್ಟಿದ ಅವರ ಮಕ್ಕಳ ಪೌರತ್ವಕ್ಕೂ ಕುತ್ತು ಬಂತು. ಗಮನಿಸಿ, ಕಪ್ಪು ಜನರೆಲ್ಲರಿಗೂ ಅಲ್ಲ, ಸ್ಪ್ಯಾನಿಷ್ ಮಾತಾಡುವ ಕಪ್ಪು ಜನರಿಗೆ ತೊಂದರೆಯಿಲ್ಲ. ಬಣ್ಣದ ಜೊತೆಗೆ ಭಾಷೆಯನ್ನೂ ಅಳೆದರು. 1946ರ ಸಂವಿಧಾನ ಇದನ್ನು ತೆಗೆದುಹಾಕಿತು. ಆದರೆ ಐದು ವರ್ಷದ ಆ ಮಾತು ಜನರ ಮನಸ್ಸಿನಿಂದ ಐದು ವರ್ಷಕ್ಕೆ ಹೋಗುತ್ತಾ? ‘ನಿಮ್ಮ ನಾಲಿಗೆ ನಮ್ಮದಲ್ಲ’ ಅಂತ ಹೇಳಿಸಿಕೊಂಡ ತಂದೆತಾಯಿ, ಮಕ್ಕಳಿಗೆ ಸ್ಪ್ಯಾನಿಷ್ ಚೆನ್ನಾಗಿ ಕಲಿಯಿರಿ ಅಂದರು. ಮಕ್ಕಳು ಕಲಿತರು.

ಈಗ 1970, 80ರ ದಶಕಕ್ಕೆ ಬರೋಣ. ಪನಾಮಾ ಸಿಟಿಯಲ್ಲಿ ರಿಯೊ ಅಬಾಹೊ ಅಂತ ಒಂದು ಬಡಾವಣೆ. ಕೆರಿಬಿಯನ್ ಮೂಲದವರೇ ಹೆಚ್ಚಾಗಿರುವ ಜಾಗ. 1969ರಲ್ಲಿ ಹುಟ್ಟಿದ ಎಡ್ಗಾರ್ಡೊ ಫ್ರಾಂಕೊ ಬೆಳೆದದ್ದು ಇಲ್ಲಿ. ಜಮೈಕಾದಿಂದ ರೆಗೇ ಬರುತ್ತಿತ್ತು, ಅದರ ಹಿಂದೆಯೇ ಡ್ಯಾನ್ಸ್‌ಹಾಲ್ ಬಂತು. ಡ್ಯಾನ್ಸ್‌ಹಾಲ್ ಅಂದ್ರೆ ಬೀಟ್ ಮೇಲೆ ಹಾಡಿಗೂ ಮಾತಿಗೂ ನಡುವಿನ ಒಂದು ಧಾಟಿಯಲ್ಲಿ ಪಟಪಟ ಅಂತ ಹೇಳಿಕೊಂಡು ಹೋಗೋದು. ಈ ಹುಡುಗರಿಗೆ ಅದು ಪರದೇಶದ ಸಂಗೀತ ಅಲ್ಲ. ಅಜ್ಜಿ ಬೈಯುವ ಭಾಷೆಯಲ್ಲೇ ಇರುವ ಸಂಗೀತ. ಆದರೆ ಪಕ್ಕದ ಬೀದಿಯ ಹುಡುಗರಿಗೆ, ತರಗತಿಯ ಗೆಳೆಯರಿಗೆ ಅರ್ಥ ಆಗಲ್ಲ. ಹಾಗಾಗಿ ಇವರು ಒಂದು ಕೆಲಸ ಮಾಡಿದರು. ಅದೇ ಬೀಟ್ ಇಟ್ಟುಕೊಂಡು ಸ್ಪ್ಯಾನಿಷ್‌ನಲ್ಲಿ ಹೇಳಲು ಶುರು ಮಾಡಿದರು.

ಇದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಪದ ಇದೆ, ‘ಮಟ್ಟು’. ಹಳೆಯ ನಾಟಕದ ಹಾಡಿನ ಪುಸ್ತಕಗಳಲ್ಲಿ ‘ಇಂಥ ಹಾಡಿನ ಮಟ್ಟು’ ಅಂತ ಬರೆದಿರುತ್ತಿದ್ದರು. ರಾಗ, ತಾಳ ಮೊದಲೇ ಇದೆ, ಪದ ಮಾತ್ರ ಹೊಸದು. ಜಮೈಕಾದಲ್ಲಿ ಇದನ್ನು ‘ರಿಡಿಮ್’ ಅಂತಾರೆ. ಒಂದೇ ವಾದ್ಯದ ಟ್ರ್ಯಾಕ್ ಮೇಲೆ ಹತ್ತು ಜನ ಹತ್ತು ಹಾಡು ಹೇಳ್ತಾರೆ, ಯಾರೂ ತಪ್ಪು ತಿಳಿಯಲ್ಲ. ಪನಾಮಾದ ಹುಡುಗರು ಆ ಮಟ್ಟಿಗೆ ಹೊಸ ಭಾಷೆಯನ್ನೇ ತಂದು ಕೂರಿಸಿದರು.

ಎಲ್ ಹೆನೆರಾಲ್ ಇದನ್ನು ಒಬ್ಬನೇ ಮಾಡಿದ ಅಂತ ಹೇಳಿದರೆ ಸುಳ್ಳಾಗುತ್ತೆ. ಅವನಿಗಿಂತ ಮೊದಲು ರೆನಾಟೊ ಇದ್ದ. ಕಾಲುವೆಯ ಅಕ್ಕಪಕ್ಕ ಅಮೆರಿಕದ ಆಡಳಿತದಲ್ಲಿದ್ದ ‘ಕೆನಾಲ್ ಝೋನ್’ನಲ್ಲಿ ಹುಟ್ಟಿದವನು. 1980ರ ದಶಕದ ಮಧ್ಯದಲ್ಲಿ ಅವನು ಮಾಡಿದ ‘ಎಲ್ ಡೆನಿ’ ಅನ್ನುವ ಹಾಡು ಸ್ಪ್ಯಾನಿಷ್ ರೆಗೇಯ ಮೊದಲ ಹಾಡುಗಳಲ್ಲಿ ಒಂದು. ಡೆನಿ ಅಂದ್ರೆ ಆಗಿನ ಪನಾಮಾದ ರಹಸ್ಯ ಪೊಲೀಸ್ ವಿಭಾಗ. ಮಿಲಿಟರಿ ಆಡಳಿತ ಇದ್ದ ಕಾಲದಲ್ಲಿ ಪೊಲೀಸರ ಬಗ್ಗೆ ಹಾಡು ಕಟ್ಟೋದು ಸಣ್ಣ ಮಾತಲ್ಲ. ನಾಂಡೊ ಬೂಮ್ ಅನ್ನೋ ಇನ್ನೊಬ್ಬ ಗಾಯಕನೂ ಇದ್ದ. ಇವರ ಹಾಡುಗಳನ್ನು ಊರಿಗೆಲ್ಲ ಹಂಚಿದ್ದು ಬಸ್ಸುಗಳು! ಅಮೆರಿಕದ ಹಳೆಯ ಸ್ಕೂಲ್ ಬಸ್ಸುಗಳನ್ನು ತಂದು, ಮೈತುಂಬಾ ಚಿತ್ರ ಬರೆಸಿ ಓಡಿಸುತ್ತಿದ್ದರು. ‘ದಿಯಾಬ್ಲೊಸ್ ರೋಹೊಸ್’, ಕೆಂಪು ದೆವ್ವಗಳು ಅಂತ ಅವಕ್ಕೆ ಹೆಸರು. ಡ್ರೈವರ್‌ಗಳು ಕ್ಯಾಸೆಟ್ ಹಾಕಿ ಜೋರಾಗಿ ನುಡಿಸೋರು. ಯಾವ ಬಸ್ಸಿನಲ್ಲಿ ಒಳ್ಳೆಯ ಹಾಡು ಇದೆಯೋ ಜನ ಅದನ್ನೇ ಹತ್ತೋರು. ನಮ್ಮ ಖಾಸಗಿ ಬಸ್ಸುಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಡ್ಗಾರ್ಡೊ ಓದಿಗೆ ಅಂತ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದ. ಓದಿದ್ದು ಆಡಳಿತ ನಿರ್ವಹಣೆ. ಆದರೆ ಅವನಿದ್ದದ್ದು ನ್ಯೂಯಾರ್ಕ್‌ನಲ್ಲಿ. ಅಲ್ಲಿ ಜಮೈಕಾದವರು, ಪನಾಮಾದವರು, ಪೋರ್ಟೊರಿಕೊದವರು ಒಂದೇ ಬೀದಿಯಲ್ಲಿ ಸಿಗ್ತಾರೆ. ಅದೇ ಹೊತ್ತಿಗೆ ಅವನ ದೇಶವನ್ನು ನಿಜವಾದ ಜನರಲ್ ಒಬ್ಬ ಆಳುತ್ತಿದ್ದ, ಮ್ಯಾನ್ಯುಯೆಲ್ ನೊರಿಯೆಗಾ. 1989ರ ಡಿಸೆಂಬರ್ 20ರಂದು ಅಮೆರಿಕದ ಸೇನೆ ಪನಾಮಾಕ್ಕೆ ನುಗ್ಗಿ ಆ ಜನರಲ್‌ನನ್ನು ಇಳಿಸಿತು. ಅದಾದ ಸ್ವಲ್ಪ ಸಮಯಕ್ಕೇ ನ್ಯೂಯಾರ್ಕ್‌ನಿಂದ ಇನ್ನೊಬ್ಬ ಪನಾಮಾದ ಜನರಲ್, ಸೇನಾ ಸಮವಸ್ತ್ರದ ವೇಷ ಹಾಕಿಕೊಂಡು, ಜನರನ್ನು ಕುಣಿಸಲು ಹೊರಟ. ಇತಿಹಾಸ ಕೆಲವೊಮ್ಮೆ ಇಂಥ ತಮಾಷೆ ಮಾಡುತ್ತೆ.

‘ತೆ ವೆಸ್ ಬುವೆನಾ’, ‘ತು ಪುನ್ ಪುನ್’. 1990ರ ಸುಮಾರಿಗೆ ಬಂದ ಈ ಎರಡು ಹಾಡುಗಳು ಅವನನ್ನು ಲ್ಯಾಟಿನ್ ಅಮೆರಿಕದ ಮನೆಮನೆಗೆ ಕರೆದೊಯ್ದವು. ‘ತು ಪುನ್ ಪುನ್’ಗೆ ಆಧಾರ ಲಿಟಲ್ ಲೆನ್ನಿ ಅನ್ನುವ ಜಮೈಕಾ ಗಾಯಕನ ಹಾಡು. ಅದನ್ನು ಅವನು ಪದಕ್ಕೆ ಪದ ಇಟ್ಟು ಅನುವಾದ ಮಾಡಲಿಲ್ಲ. ಮೂಲದ ಪೋಲಿ ಪದ ಸ್ಪ್ಯಾನಿಷ್‌ಗೆ ಬರುವಾಗ ಡೋಲಿನ ಸದ್ದಿನಂಥ ‘ಪುನ್ ಪುನ್’ ಆಯಿತು. ಅರ್ಥಕ್ಕೂ ಆಯಿತು, ತಾಳಕ್ಕೂ ಆಯಿತು. ಕೇಳುವ ಮಗು ನಗುತ್ತೆ, ದೊಡ್ಡವರು ಮುಖ ತಿರುಗಿಸಿ ನಗ್ತಾರೆ. ಆಮೇಲೆ ‘ಮುಯೆವೆಲೊ’. ಅಂದ್ರೆ ‘ಅಲ್ಲಾಡಿಸು’. 1992ರಲ್ಲಿ ಈ ಹಾಡಿನ ವಿಡಿಯೊಗೆ ಎಂಟಿವಿಯ ಸ್ಪ್ಯಾನಿಷ್ ವಿಭಾಗದ ವೀಕ್ಷಕರ ಆಯ್ಕೆಯ ಪ್ರಶಸ್ತಿ ಬಂತು. 1994ರಲ್ಲಿ ಅಮೆರಿಕದ ಪ್ರಸಿದ್ಧ ನೃತ್ಯಸಂಗೀತ ತಂಡ ಸಿ ಆ್ಯಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿಯ ಹಾಡಿನಲ್ಲೂ ಅವನ ದನಿ ಇತ್ತು.

ಈಗ ಒಂದು ನಿಮಿಷ ಆ ಬೀಟ್ ನೋಡೋಣ. ನಿಮ್ಮ ತೊಡೆಯ ಮೇಲೆ ಕೈಯಿಟ್ಟು ನನ್ನ ಜೊತೆ ಹೇಳಿ: ತಕಿಟ, ತಕಿಟ, ತಕ. ಇನ್ನೊಮ್ಮೆ: ತಕಿಟ, ತಕಿಟ, ತಕ. ಮೂರು, ಮೂರು, ಎರಡು. ಒಟ್ಟು ಎಂಟು. ಪ್ರತಿ ‘ತ’ಗೆ ಕೈತಟ್ಟಿ. ಅದೇ ಹೊತ್ತಿಗೆ ಕಾಲಲ್ಲಿ ನಾಲ್ಕು ಸಮನಾದ ಹೆಜ್ಜೆ ಹಾಕಿ. ಕೈ ಒಂದು ಕಡೆ ಎಳೆಯುತ್ತೆ, ಕಾಲು ಇನ್ನೊಂದು ಕಡೆ. ಈ ಎಳೆದಾಟದಲ್ಲಿ ಸೊಂಟ ತಾನಾಗಿ ಅಲ್ಲಾಡುತ್ತೆ. ಇದೇ ‘ಡೆಂಬೊ’. ‘ಗ್ಯಾಸೊಲಿನಾ’ದಲ್ಲಿ ಇರೋದು ಇದೇ, ‘ಡೆಸ್ಪಾಸಿತೊ’ದಲ್ಲಿ ಇರೋದೂ ಇದೇ.

ಆ ಹೆಸರು ಬಂದದ್ದು ಜಮೈಕಾದ ಶಬ್ಬಾ ರಾಂಕ್ಸ್ ಹಾಡಿದ ‘ಡೆಮ್ ಬೋ’ ಅನ್ನುವ ಹಾಡಿನಿಂದ. ಇದನ್ನು ನಾಂಡೊ ಬೂಮ್ ಸ್ಪ್ಯಾನಿಷ್‌ನಲ್ಲಿ ಹಾಡಿದ, ಎಲ್ ಹೆನೆರಾಲ್ ಕೂಡ ‘ಸೋನ್ ಬೋ’ ಅಂತ ಹಾಡಿದ. ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಬಿಳಿಯರ ದಬ್ಬಾಳಿಕೆಗೆ ತಲೆ ಬಗ್ಗಿಸಬೇಡಿ ಅನ್ನುವ ಆ ಹಾಡಿನಲ್ಲೇ ಸಲಿಂಗಿಗಳ ಮೇಲೆ ದ್ವೇಷವೂ ಇದೆ. ಸ್ಪ್ಯಾನಿಷ್‌ಗೆ ತಂದವರು ಆ ದ್ವೇಷವನ್ನೂ ಹೊತ್ತು ತಂದರು. ಹೆಣ್ಣನ್ನು ಬರೀ ಮೈ ಅಂತ ನೋಡುವ ಸಾಲುಗಳಿಗೂ ಇವರ ಹಾಡುಗಳಲ್ಲಿ ಕೊರತೆಯಿಲ್ಲ. ನಾನು ಇವರ ಅಭಿಮಾನಿ, ಆದರೂ ಇದನ್ನು ಮುಚ್ಚಿಟ್ಟು ಮಾತಾಡಿದರೆ ನಿಮಗೆ ಅರ್ಧ ಕಥೆ ಹೇಳಿದ ಹಾಗೆ. ತಮ್ಮನ್ನು ತುಳಿದವರ ವಿರುದ್ಧ ಎದ್ದವರು ಇನ್ಯಾರನ್ನೋ ತುಳಿಯಬಹುದು. ಇದು ಅವರೊಬ್ಬರ ಕಥೆಯಲ್ಲ ಬಿಡಿ.

ಪನಾಮಾದವರ ಈ ಹಾಡುಗಳು ಪೋರ್ಟೊರಿಕೊಗೆ ಹೋದವು. ಅಲ್ಲಿನ ಹುಡುಗರು ಆ ಬೀಟ್ ಹಿಡಿದುಕೊಂಡರು. ಡಿಜೆ ಪ್ಲಾಯೆರೊ ಥರದವರು ಕ್ಯಾಸೆಟ್ ಮಾಡಿ ಮಾಡಿ ಹಂಚಿದರು. 1995ರಲ್ಲಿ ಅಲ್ಲಿನ ಪೊಲೀಸರು ಅಶ್ಲೀಲ ಅಂತ ಕ್ಯಾಸೆಟ್ ಅಂಗಡಿಗಳ ಮೇಲೆ ದಾಳಿ ಮಾಡಿದರು. ಆದರೂ ಅದು ನಿಲ್ಲಲಿಲ್ಲ. ಅದಕ್ಕೆ ರೆಗೇಟೋನ್ ಅನ್ನುವ ಹೆಸರು ಗಟ್ಟಿಯಾಯಿತು. 2004ರಲ್ಲಿ ಡ್ಯಾಡಿ ಯಾಂಕಿಯ ‘ಗ್ಯಾಸೊಲಿನಾ’ ಜಗತ್ತನ್ನು ಕುಣಿಸಿತು. 2017ರಲ್ಲಿ ‘ಡೆಸ್ಪಾಸಿತೊ’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿತ್ತು. ಬೆಂಗಳೂರಿನ ಮದುವೆಮನೆಗಳಲ್ಲೂ ಅದು ಮೊಳಗಿತು. ಪೋರ್ಟೊರಿಕೊದವರು ಕದ್ದರು ಅಂತ ನಾನು ಹೇಳಲ್ಲ. ಅವರು ತಮ್ಮದನ್ನು ಸೇರಿಸಿದರು, ಬೆಳೆಸಿದರು. ಆದರೆ ‘ಡೆಸ್ಪಾಸಿತೊ’ಗೆ ಕುಣಿದ ನಮ್ಮಲ್ಲಿ ಎಷ್ಟು ಜನ ಪನಾಮಾ ಹೆಸರು ಕೇಳಿದ್ದೆವು? ನಾನಂತೂ ಕೇಳಿರಲಿಲ್ಲ.

ಹೆಸರಿನ ಜೊತೆ ದುಡ್ಡಿನ ಪ್ರಶ್ನೆಯೂ ಇದೆ. ಈ ಬೀಟ್‌ನ ಮೂಲ 1989ರಲ್ಲಿ ಜಮೈಕಾದ ಸ್ಟೀಲಿ ಮತ್ತು ಕ್ಲೀವಿ ಜೋಡಿ ಮಾಡಿದ ‘ಫಿಶ್ ಮಾರ್ಕೆಟ್’ ಅನ್ನುವ ಟ್ರ್ಯಾಕ್, ಅದಕ್ಕೆ ನಮಗೆ ಪಾಲು ಬರಬೇಕು ಅಂತ 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಮೊದಲು ಎಲ್ ಚೊಂಬೊ ಮೇಲೆ. ಆಮೇಲೆ ದಾವೆ ಬೆಳೆದು ಬೆಳೆದು ನೂರಕ್ಕೂ ಹೆಚ್ಚು ಕಲಾವಿದರ ಹೆಸರು ಅದರೊಳಗೆ ಬಂತು. ಜೋಡಿಯಲ್ಲಿ ಒಬ್ಬರಾದ ಸ್ಟೀಲಿ 2009ರಲ್ಲೇ ತೀರಿಕೊಂಡಿದ್ದರು. ಒಂದು ತಾಳಕ್ಕೆ ಒಡೆಯ ಅಂತ ಒಬ್ಬ ಇರಬಹುದಾ? ಮೂರು, ಮೂರು, ಎರಡು ಅನ್ನುವ ಲೆಕ್ಕ ಆಫ್ರಿಕಾದಲ್ಲೂ ಇದೆ, ಕ್ಯೂಬಾದಲ್ಲೂ ಇದೆ, ನಮ್ಮ ಕೊನ್ನಕ್ಕೋಲಿನಲ್ಲೂ ಇದೆ. ಹಾಗಂತ, ಅದನ್ನು ಡ್ರಮ್ ಮಷೀನಿನಲ್ಲಿ ಕೂರಿಸಿ ಒಂದು ರೂಪ ಕೊಟ್ಟವನಿಗೆ ಏನೂ ಸಿಗಬಾರದಾ? ಎರಡೂ ಕಡೆ ನ್ಯಾಯ ಇದೆ ಅಂತ ನನಗೆ ಅನ್ನಿಸುತ್ತೆ.

ಎಲ್ ಹೆನೆರಾಲ್ ಮಾತ್ರ ಈ ಗದ್ದಲದಲ್ಲಿ ಮುಂದೆ ನಿಂತು ‘ನಾನೇ ಮೊದಲಿಗ’ ಅಂತ ಕೂಗುತ್ತಿಲ್ಲ. 2004ರಲ್ಲಿ, ಅಂದ್ರೆ ಸರಿಯಾಗಿ ‘ಗ್ಯಾಸೊಲಿನಾ’ ಸಿಡಿದ ವರ್ಷ, ಅವನು ಸಂಗೀತ ಬಿಟ್ಟ. ಆಮೇಲೆ ಧರ್ಮದ ಕಡೆ ತಿರುಗಿ ಯೆಹೋವನ ಸಾಕ್ಷಿಗಳ ಪಂಥ ಸೇರಿದ. ಕೋಟಿಗಟ್ಟಲೆ ಹಣ ಹರಿದುಬರುವ ಹೊತ್ತಿಗೆ, ಬಾಗಿಲು ತೆರೆದಿಟ್ಟವನೇ ಮನೆ ಬಿಟ್ಟು ಹೊರಟುಹೋದ. ನನಗೆ ಒಬ್ಬ ಕೇಳುಗನಾಗಿ ಬೇಸರ ಆಗುತ್ತೆ. ಆದರೆ ಮೂವತ್ತೈದು ವಯಸ್ಸಿಗೆ ‘ಸಾಕು’ ಅನ್ನೋದಕ್ಕೂ ಒಂದು ಗಟ್ಟಿತನ ಬೇಕು.

ಕೊನೆಯದಾಗಿ ಒಂದು ಮಾತು. 1941ರಲ್ಲಿ ಒಂದು ದೇಶ ಕೆಲವರಿಗೆ ಹೇಳಿತು: ಸ್ಪ್ಯಾನಿಷ್ ನಿಮ್ಮದಲ್ಲ, ಹಾಗಾಗಿ ಈ ದೇಶವೂ ನಿಮ್ಮದಲ್ಲ. ಐವತ್ತು ವರ್ಷದ ನಂತರ ಅದೇ ಸಮುದಾಯದ ಹುಡುಗರು ಅಜ್ಜಿಯ ತಾಳಕ್ಕೆ ಶಾಲೆಯ ಭಾಷೆ ಸೇರಿಸಿ ಹಾಡಿದರು. ಇವತ್ತು ಜಗತ್ತಿನ ಮೂಲೆಮೂಲೆಯಲ್ಲಿ, ಸ್ಪ್ಯಾನಿಷ್‌ನ ಒಂದು ಅಕ್ಷರ ಗೊತ್ತಿಲ್ಲದ ನನ್ನ ಅಕ್ಕನ ಮಗನ ಬಾಯಲ್ಲೂ ಸ್ಪ್ಯಾನಿಷ್ ಪದಗಳನ್ನು ಹಾಡಿಸುತ್ತಿರುವುದು ಆ ಸಂಗೀತದ ಮುಂದುವರಿಕೆ. ಭಾಷೆ ನಿಮ್ಮದಲ್ಲ ಅನ್ನಿಸಿಕೊಂಡವರೇ ಆ ಭಾಷೆಯನ್ನು ಅಷ್ಟು ದೂರ ಹೊತ್ತುಕೊಂಡು ಹೋದರು.

ನಮ್ಮ ಅಜ್ಜಿ ಈಗ ಇಲ್ಲ. ಲೈನ್ ಮನೆಯ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಾ ತಮಿಳಿನಲ್ಲಿ ಗುನುಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕನ್ನಡದ ಪದ್ಯ ಬಾಯಿಪಾಠ ಮಾಡ್ತಿದ್ದೆ. ಒಂದು ದಿನ ನನಗೇ ಗೊತ್ತಿಲ್ಲದೆ ಅವಳ ಗುನುಗಿನ ಧಾಟಿಯಲ್ಲಿ ಪದ್ಯ ಹೇಳಿಬಿಟ್ಟೆ. ಮಾರನೇ ದಿನ ತರಗತಿಯಲ್ಲೂ ಹಾಗೇ ಹೇಳಿದೆ. ಹುಡುಗರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ‘ಇನ್ನೊಂದ್ಸಲ ಹೇಳೋ, ಚೆನ್ನಾಗಿದೆ’ ಅಂದರು. ಆ ಒಂದು ಮಾತು ಇಲ್ಲದಿದ್ದರೆ ನಾನು ಇವತ್ತು ಈ ಮೈಕಿನ ಮುಂದೆ ಇರುತ್ತಿರಲಿಲ್ಲ ಅನ್ನಿಸುತ್ತೆ.

ಮುಂದಿನ ಸಲ ಎಲ್ಲಾದರೂ ಆ ಬೀಟ್ ಕೇಳಿಸಿದರೆ ಕುಣಿಯಿರಿ. ಧಾರಾಳವಾಗಿ ಕುಣಿಯಿರಿ. ಕೈಯಲ್ಲಿ ತಕಿಟ ತಕಿಟ ತಕ ಅಂತ ತಟ್ಟುವಾಗ ಕಾಲುವೆ ತೋಡಿದ ಆ ಜನರನ್ನೂ, ರೆನಾಟೊನನ್ನೂ, ಸಮವಸ್ತ್ರ ತೊಟ್ಟು ಬಂದು ಸದ್ದಿಲ್ಲದೆ ಎದ್ದುಹೋದ ಆ ಜನರಲ್‌ನನ್ನೂ ಒಂದು ಸಲ ನೆನೆಸಿಕೊಳ್ಳಿ.